ಅಜ್ಜಾರ ತೊಡೆಯ ಮೇಲಿನ ಕೂಸು

ಹೊಳೆದಂಡೆಯ ಆಶ್ರಮದಲ್ಲಿ ಒಂದು ಸಣ್ಣ ದವಾಖಾನೆ ಇತ್ತು. ಅದನ್ನು ನಡೆಸುತ್ತಿದ್ದವರು ಮುರಿಗೆಯ್ಯನವರು. ಒಂದು ಕಾಲಕ್ಕೆ ಅವರು ಪೇಟೆಯಲ್ಲಿ ಎದೆರೋಗದ ದೊಡ್ಡ ಡಾಕ್ಟರು. ಆಮೇಲೆ ಕಾವಿ ಉಟ್ಟರು, ಸ್ಟೆತಸ್ಕೋಪು ಮಾತ್ರ ಬಿಡಲಿಲ್ಲ. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ಅಜ್ಜಾರು.

ಅವರ ಹತ್ತಿರ ಕಲಿಯಲು ಬಂದವಳು ನೀಲಾಂಬಿಕೆ. ಡಾಕ್ಟರ್ ಪರೀಕ್ಷೆ ಪಾಸಾಗಿತ್ತು, ಧೈರ್ಯ ಇನ್ನೂ ಪಾಸಾಗಿರಲಿಲ್ಲ.

ಬಂದ ಹೊಸದರಲ್ಲೇ ಇಟ್ಟಂಗಿ ಭಟ್ಟಿಯ ಕೂಲಿಯಾಳೊಬ್ಬ ರಕ್ತ ಕೆಮ್ಮುತ್ತ ಬಂದ. ಅವಳು ಕಫ ಪರೀಕ್ಷೆ ಮಾಡಿಸಿದಳು, ಕ್ಷಯ ಅಂತ ಬಂತು. ಆ ದಿನ ಅವಳಿಗೆ ತನ್ನ ಬಗ್ಗೆ ತುಸು ಹೆಮ್ಮೆಯೇ ಆಯಿತು.

"ಕ್ಷಯ ಹಿಡಿಯೂದು ಅಂಥಾ ಕಷ್ಟ ಏನಲ್ಲ ಬಿಡ್ರಿ ಅಜ್ಜಾರ," ಅಂದಳು.

ಅಜ್ಜಾರು ನಕ್ಕರು. "ಅದು ತಾನ ಒದರಿಕೋತ ಬಾಗಲಿಗೆ ಬಂದಿತ್ತು. ನೀ ಎಲ್ಲಿ ಹಿಡದಿ ನೀಲವ್ವ?"

ಮರುದಿನ ಅವರು ಒಂದು ವಿಚಿತ್ರ ಅಪ್ಪಣೆ ಕೊಟ್ಟರು.

"ಇವತ್ತಿನಿಂದ ಯಾರಿಗೂ ಕೆಮ್ಮ ಐತೇನು ಅಂತ ಕೇಳಬ್ಯಾಡ."

"ಮತ್ತ ಏನ ಕೇಳಲಿ?"

"ಮೊದಲ ಮಾಡತಿದ್ರಿ, ಈಗ ಬಿಟ್ಟೀರಿ, ಅಂಥಾದ್ದು ಏನೈತಿ ಅಂತ ಕೇಳು."

ನೀಲಾಂಬಿಕೆಗೆ ಇದು ಹರಟೆಯ ಹಾಗೆ ಕಂಡಿತು. ಆದರೂ ಗುರುಗಳ ಮಾತಲ್ಲವೇ, ಕೇಳಿದಳು.

ಒಬ್ಬ ಟೇಲರ್ ಬಂದ. ಸಕ್ಕರೆ ಕಾಯಿಲೆಯವನು. ಎಷ್ಟು ಗುಳಿಗೆ ನುಂಗಿದರೂ ಸಕ್ಕರೆ ಇಳಿಯದು. "ಮಷೀನ ತುಳಿಯೂದು ಬಿಟ್ಟೇನ್ರಿ, ಮೈಯಾಗ ಕಸುವಿಲ್ಲ," ಅಂದ. ಸಕ್ಕರೆಯ ಗುಳಿಗೆ ಹೆಚ್ಚಿಸಲು ಅವಳು ಪೆನ್ನು ತೆಗೆದಳು.

"ಎಕ್ಸ್‌ರೇ ತಗಸು," ಅಂದರು ಅಜ್ಜಾರು. "ನನ್ನಂಗ ಸಕ್ಕರಿ ಬ್ಯಾನಿ ಇದ್ದವರ ಎದಿ ಮ್ಯಾಲ ಒಂದ ಕಣ್ಣ ಇರಬೇಕು."

ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕೆಳಭಾಗವೆಲ್ಲ ಬೆಳ್ಳಗಾಗಿತ್ತು. ಕ್ಷಯ ಹಿಡಿಯುವುದು ಮೇಲ್ಭಾಗಕ್ಕೆ ಎಂದು ಪುಸ್ತಕದಲ್ಲಿ ಅವಳು ಓದಿದ್ದಳು. ಆದರೂ ಕಫದಲ್ಲಿ ಕ್ಷಯವೇ ಸಿಕ್ಕಿತು.

ಆಮೇಲೆ ಎಚ್‌ಐವಿ ಇದ್ದ ಹೆಂಗಸೊಬ್ಬಳು ಬಂದಳು. ಸೊರಗಿ ಕಡ್ಡಿಯಾಗಿದ್ದಳು. ಅವಳ ಎಕ್ಸ್‌ರೇ ಸ್ವಚ್ಛವಾಗಿತ್ತು, ಕಫದಲ್ಲೂ ಏನೂ ಇರಲಿಲ್ಲ. ನೀಲಾಂಬಿಕೆ ಶಕ್ತಿಯ ಔಷಧ ಕೊಟ್ಟು ಮನೆಗೆ ಕಳಿಸಿದಳು. ಗೊತ್ತಾದ ಕೂಡಲೇ ಅಜ್ಜಾರು ಆಳನ್ನು ಓಡಿಸಿ ಆಕೆಯನ್ನು ಬಸ್‌ಸ್ಟ್ಯಾಂಡಿನಿಂದ ವಾಪಸ್ ಕರೆಸಿದರು.

"ಎಲ್ಲಾ ಸ್ವಚ್ಛ ಐತಲ್ರಿ," ಅಂದಳು ನೀಲಾಂಬಿಕೆ.

"ಕೆಮ್ಮು, ಎಕ್ಸ್‌ರೇದಾಗಿನ ಕಲೆ, ಇವೆಲ್ಲಾ ಮೈ ರೋಗದ ಕೂಡ ಹೊಡದಾಡಿದ್ದರ ಗುರ್ತು. ಹೊಡದಾಡಾಕ ಯಾರೂ ಇಲ್ಲದ ಮನಿಯಾಗ ಕಳ್ಳ ಸಪ್ಪಳ ಯಾಕ ಮಾಡತಾನ?"

ಜಿಲ್ಲಾ ಆಸ್ಪತ್ರೆಯ ಪರೀಕ್ಷೆಯಲ್ಲಿ ಆಕೆಗೂ ಕ್ಷಯ ಅಂತ ಬಂತು.

ಅಂದಿನಿಂದ ನೀಲಾಂಬಿಕೆಗೆ ಭಯ ಹತ್ತಿತು. ಎದುರಿಗೆ ಕೂತವರನ್ನು ಕಂಡರೆ ಭಯ, ಎದ್ದು ಹೋದವರನ್ನು ನೆನೆದರೆ ಇನ್ನೂ ಭಯ. ಏನೂ ಇಲ್ಲ ಅಂತ ಹೇಳಿ ಯಾರ್‍ಯಾರನ್ನು ಮನೆಗೆ ಕಳಿಸಿಬಿಟ್ಟೆನೋ ಎಂದು ಊಟದ ತಟ್ಟೆಯ ಮುಂದೆ ಕೂತು ಎಣಿಸುತ್ತಿದ್ದಳು.

ಹೀಗಿರುವಾಗ ದಾಸೋಹದ ಮನೆಯಲ್ಲಿ ರೊಟ್ಟಿ ಬಡಿಯುವ ಸಾವಂತ್ರೆವ್ವ ತನ್ನ ಕೂಸನ್ನು ಎತ್ತಿಕೊಂಡು ಬಂದಳು. ಕೂಸಿನ ಹೆಸರು ದಾನವ್ವ. ಇನ್ನೂ ವರ್ಷ ತುಂಬಿರಲಿಲ್ಲ.

"ಮೊದಲ ಮಾಡತಿತ್ತು, ಈಗ ಬಿಟ್ಟೈತಿ, ಅಂಥಾದ್ದು ಏನೈತಿ ಸಾವಂತ್ರೆವ್ವ?"

"ಅಂಬೆಗಾಲ ಇಡೂದ ಬಿಟ್ಟೈತ್ರಿ ಡಾಕ್ಟರ್ ಬಾಯಾರ. ಇಟ್ಟಲ್ಲೇ ಕುಂದರತೈತಿ. ಒಂದೀಟು ಮೈ ಬೆಚ್ಚಗಿರತೈತಿ, ತೂಕನೂ ಏರವಲ್ದು."

ಕೂಸು ಕೆಮ್ಮಲಿಲ್ಲ, ಅಳಲೂ ಇಲ್ಲ. ಸುಮ್ಮನೆ ನೋಡುತ್ತಿತ್ತು. ಆ ಸುಮ್ಮನಿರುವಿಕೆಗೇ ನೀಲಾಂಬಿಕೆ ಹೆದರಿದಳು.

"ಕೂಸಿನ ಕಫ ಎಲ್ಲಿಂದ ತರಲಿ ಅಜ್ಜಾರ? ಅದಕ್ಕ ಉಗಳಾಕ ಬರಂಗಿಲ್ಲ."

"ಉಗಳಾಕ ಬರದವರು ಏನ ಮಾಡತಾರ?"

"ನುಂಗತಾರ."

"ಅಲ್ಲೇ ಹೋಗಿ ಹುಡುಕು."

ಬೆಳಿಗ್ಗೆ ಕೂಸು ಹಾಲು ಕುಡಿಯುವ ಮುಂಚೆ, ಮೂಗಿನಿಂದ ಹೊಟ್ಟೆಗೆ ಸಣ್ಣ ನಳಿಗೆ ಇಳಿಸಿ ಅವಳು ಒಳಗಿನ ನೀರು ತೆಗೆದಳು. ಕೂಸಿನ ಕಾಲು ಹಿಡಿದಿದ್ದ ಸಾವಂತ್ರೆವ್ವ ಮುಖ ಆಚೆ ಮಾಡಿ ಅಳುತ್ತಿದ್ದಳು. ಅದನ್ನು ಪರೀಕ್ಷೆಗೆ ಕಳಿಸಿದಳು, ಉತ್ತರ ಬಂತು. ಅದೂ ಕ್ಷಯವೇ.

ಇಷ್ಟು ಸಣ್ಣ ಕೂಸಿನಲ್ಲಿ ಅದು ಎದೆಯಲ್ಲಿ ನಿಲ್ಲದೆ ಮಿದುಳಿಗೂ ಏರಬಹುದು ಎಂದು ನೀಲಾಂಬಿಕೆಗೆ ಗೊತ್ತಿತ್ತು. ಅಂದೇ ಔಷಧ ಶುರುಮಾಡಿದಳು. ತಾಸಿಗೊಮ್ಮೆ ಹೋಗಿ, ಉಬ್ಬಿದೆಯೇ ಎಂದು ಕೂಸಿನ ನೆತ್ತಿ ಮುಟ್ಟಿ ನೋಡಿದಳು.

"ಔಷಧ ಕೊಟ್ಟಿ, ಚಲೋ ಆತು," ಅಂದರು ಅಜ್ಜಾರು. "ಇದಕ್ಕ ರೋಗ ಕೊಟ್ಟವರನ್ನ ಹುಡುಕಿದೇನು?"

"ಇಲ್ಲರಿ."

"ಕೂಸು ತಾನಾಗಿ ಎಲ್ಲೂ ಹೋಗಂಗಿಲ್ಲ ನೀಲವ್ವ. ಎತ್ತಿಕೊಂಡವರ ಹತ್ರನ ಇರತೈತಿ. ಅವರು ಸಿಗೂತನಕ ಮುಂದಿನ ಕೂಸು ಯಾವುದು ಅಂತ ಯಾರಿಗೂ ಗೊತ್ತಿಲ್ಲ."

ಆ ಮಾತು ಅವಳನ್ನು ಕೂರಗೊಡಲಿಲ್ಲ. ತಾಯಿಯನ್ನು ನೋಡಿದಳು, ತಂದೆಯನ್ನು ನೋಡಿದಳು, ಏನೂ ಇರಲಿಲ್ಲ. ಅಡುಗೆಯವರು, ದನ ಕಾಯುವವರು, ಕಸ ಹೊಡೆಯುವವರು, ಎಲ್ಲರ ಕಫವೂ ತಾಲೂಕು ಆಸ್ಪತ್ರೆಗೆ ಹೋಗಿ ಬಂತು. ಯಾರಲ್ಲೂ ಇರಲಿಲ್ಲ.

"ಈ ಆಶ್ರಮದಾಗ ಕೆಮ್ಮವರ ಯಾರೂ ಇಲ್ಲರಿ ಬಾಯಾರ," ಅಂದಳು ಸಾವಂತ್ರೆವ್ವ. "ಇದು ಅಜ್ಜಾರ ಜಾಗ. ಅವರ ತಪಸ್ಸಿನ ಮ್ಯಾಲ ನಿಂತೈತಿ."

"ಯಾವ ತಪಸ್ಸು?"

"ಕಾಣಂಗಿಲ್ಲೇನ್ರಿ? ಎರಡನೇ ರೊಟ್ಟಿ ಬಿಟ್ಟರು. ಈಗ ಒಂದನೇದೂ ಅರ್ಧಕ್ಕ ಬಿಡತಾರ. ಹೊಳಿಗೆ ಇಳದು ಜಳಕ ಮಾಡೂದೂ ಬಿಟ್ಟಾರ. ದೇಹದ ಹಂಗ ಹರಕೊಂಡಾರ ಅಂತಾರ ಮಂದಿ."

ನೀಲಾಂಬಿಕೆ ತಲೆದೂಗಿದಳು. ಅವಳೂ ಹಾಗೇ ತಿಳಿದಿದ್ದಳು. ಗುರುಗಳ ಮೈ ಇಳಿದಷ್ಟೂ ಶಿಷ್ಯರ ಭಕ್ತಿ ಏರುತ್ತಿತ್ತು. ಅದರಲ್ಲಿ ಇವಳೇನು ಕಡಿಮೆಯವಳಲ್ಲ.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಸಂಜೆಯ ಹಾಡಿನ ಹೊತ್ತಿಗೆ, ಅಲ್ಲಿರುವವರಲ್ಲಿ ಎಲ್ಲಕ್ಕಿಂತ ಸಣ್ಣ ಕೂಸನ್ನು ಅಜ್ಜಾರ ತೊಡೆಯ ಮೇಲೆ ಕೂರಿಸಬೇಕು. ಹಾಡು ಮುಗಿಯುವ ತನಕ ಅದು ಅಲ್ಲೇ ಇರಬೇಕು. ಕೂಸಿಗೆ ಆಯುಷ್ಯ ಬರುತ್ತದೆ ಎಂದು ನಂಬಿಕೆ.

ಆ ಸಂಜೆ ಪಕ್ಕದ ಊರಿನ ಬಾಣಂತಿಯೊಬ್ಬಳು ಹಸುಗೂಸನ್ನು ಕುಂಚಿಗೆಯಲ್ಲಿ ಸುತ್ತಿಕೊಂಡು ಬಂದಿದ್ದಳು. ಹಾಡಿನ ಕೋಣೆಯಲ್ಲಿ ಮಂದಿ ತುಂಬಿದ್ದರು. ಹೊಳೆಯ ಗಾಳಿಗೆ ದೀಪ ಆರಬಾರದೆಂದು ಕಿಟಕಿಗಳನ್ನೆಲ್ಲ ಹಾಕಿದ್ದರು. ದವಾಖಾನೆಯಲ್ಲಿ ಒಂದು ಕಿಟಕಿ ಹಾಕಿದರೂ ಬೈಯುವ ಅಜ್ಜಾರು ಇಲ್ಲಿ ಮಾತ್ರ ಏನೂ ಅನ್ನುತ್ತಿರಲಿಲ್ಲ.

ಅಜ್ಜಾರು ಬಂದು ಕೂತರು. ಎಂದಿನಂತೆ ಗಂಟಲು ಸರಿಮಾಡಿಕೊಂಡರು.

ಹಾಡು ಶುರುವಾಗುತ್ತದೆ ಎನ್ನುವುದಕ್ಕೆ ಅದೇ ಗುರುತು. ಆ ಸದ್ದು ಕೇಳಿದ ಕೂಡಲೇ ಎಲ್ಲರೂ ಮಾತು ನಿಲ್ಲಿಸಿ ಕೈ ಮುಗಿಯುತ್ತಿದ್ದರು. ನೀಲಾಂಬಿಕೆಯೂ ಮುಗಿದಳು.

ಮುಗಿದ ಕೈ ಹಾಗೇ ನಿಂತುಬಿಟ್ಟಿತು.

ಅಜ್ಜಾರು ಇನ್ನೊಮ್ಮೆ ಗಂಟಲು ಸರಿಮಾಡಿಕೊಂಡರು. ಆಮೇಲೆ ಮತ್ತೊಮ್ಮೆ. ಪ್ರತಿ ಸಂಜೆ ಕೇಳುತ್ತಿದ್ದ ಸದ್ದು ಅದು. ಅದಕ್ಕೆ ಕೈ ಮುಗಿಯುತ್ತಿದ್ದರೇ ಹೊರತು ಅದನ್ನು ಕೆಮ್ಮು ಅಂತ ಯಾರೂ ಕರೆದಿರಲಿಲ್ಲ.

ಅವಳು ನೋಡಿದಳು. ಕಾವಿಯ ಮೇಲೆ ಎದ್ದು ನಿಂತ ಹೆಗಲಿನ ಎಲುಬು ನೋಡಿದಳು, ಹಾಕಿದ ಕಿಟಕಿಗಳನ್ನು ನೋಡಿದಳು. ದಾನವ್ವ ತಿಂಗಳುಗಟ್ಟಲೆ ಕೂತಿದ್ದ ಆ ತೊಡೆ ನೋಡಿದಳು. ಈ ಯೋಚನೆಗೇ ನಾಲಿಗೆ ಬಿದ್ದುಹೋದೀತು ಅನ್ನಿಸಿತು. ಗುರುಗಳ ಮುಂದೆ ಉಗುಳುವ ಡಬ್ಬಿ ಹಿಡಿಯುವ ಶಿಷ್ಯೆಯನ್ನು ಈ ಮಂದಿ ಏನು ಮಾಡಿಯಾರು? ತಾನು ತಪ್ಪಿದ್ದರೆ ಈ ಊರಲ್ಲಿ ಮುಖ ಎತ್ತುವ ಹಾಗಿಲ್ಲ. ಸರಿ ಇದ್ದರೆ ಅದು ಇನ್ನೂ ಕಷ್ಟ.

ಅಷ್ಟರಲ್ಲಿ ಹಸುಗೂಸು ಕೈಯಿಂದ ಕೈಗೆ ದಾಟುತ್ತ ಮುಂದೆ ಹೋಗುತ್ತಿತ್ತು. ಅಜ್ಜಾರು ಎರಡೂ ಕೈ ಚಾಚಿದ್ದರು.

ನೀಲಾಂಬಿಕೆ ಎದ್ದಳು. ಯಾವಾಗ ಎದ್ದೆ ಎಂದು ಅವಳಿಗೇ ತಿಳಿಯಲಿಲ್ಲ. ಮಂದಿಯನ್ನು ದಾಟಿ ಹೋಗಿ ನಡುವೆಯೇ ಕೂಸನ್ನು ಎತ್ತಿಕೊಂಡಳು.

"ಇವತ್ತ ಬ್ಯಾಡ್ರಿ ಅಜ್ಜಾರ."

ಹಿಂದೆ ಗುಸುಗುಸು ಎದ್ದಿತು. "ಈಕಿಗೆ ತಲಿ ಕೆಟ್ಟೈತೇನು?" ಅಂದ ಒಬ್ಬ ಹಿರಿಯ.

"ಯಾಕವಾ?" ಅಜ್ಜಾರ ದನಿ ಮೆತ್ತಗಿತ್ತು.

ನೀಲಾಂಬಿಕೆ ಕೂಸನ್ನು ಎದೆಗೆ ಅವಚಿಕೊಂಡಳು. "ನಿಮಗ ಒಂದು ಮಾತ ಕೇಳಬೇಕ್ರಿ."

"ಕೇಳು."

"ಮೊದಲ ಮಾಡತಿದ್ರಿ, ಈಗ ಬಿಟ್ಟೀರಿ, ಅಂಥಾದ್ದು ಏನೈತ್ರಿ?"

"ಅಜ್ಜಾರು ಎಲ್ಲಾ ಬಿಟ್ಟವರು," ಅಂದ ಆ ಹಿರಿಯ ಸಿಟ್ಟಿನಿಂದ. "ಅದನ್ನ ನೀ ಕೇಳತೀಯೇನು?"

ಅಜ್ಜಾರು ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. ಚಾಚಿದ್ದ ಕೈಗಳನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡರು. ಖಾಲಿ ತೊಡೆಯನ್ನು ನೋಡಿಕೊಂಡರು. ಬಾಗಿಲ ಹತ್ತಿರ ತಾಯಿಯ ಹೆಗಲಿಗೆ ಒರಗಿದ್ದ ದಾನವ್ವನ ಕಡೆಗೆ ನೋಡಿದಾಗ ಅವರ ಮುಖ ಸಣ್ಣದಾಯಿತು. ಗುರುಗಳಿಗೂ ಭಯವಾಗುತ್ತದೆ ಎಂಬುದನ್ನು ನೀಲಾಂಬಿಕೆ ಆಗಲೇ ಮೊದಲು ಕಂಡದ್ದು. ಅದು ಅವಳ ಭಯಕ್ಕಿಂತ ದೊಡ್ಡದಾಗಿತ್ತು.

"ವಯಸ್ಸಾತು ಅಂತ ನಾ ತಿಳಕೊಂಡಿದ್ದೆ," ಅಂದರು. "ತಪಸ್ಸು ಅಂತ ಮಂದಿ ಅಂದರು. ಕೇಳಾಕ ಚಲೋ ಅನಸ್ತು."

ಅಜ್ಜಾರು ತಾವೇ ಗೋಡೆ ಹಿಡಿದು ಎದ್ದು, ಹತ್ತಿರದ ಕಿಟಕಿ ತೆರೆದರು. ಗಾಳಿ ಬಂತು, ದೀಪ ಆರಿತು. ಹೊರಗಿನ ಸಂಜೆ ಬೆಳಕಿನಲ್ಲೇ ಮಂದಿ ಎದ್ದು ಅಂಗಳಕ್ಕೆ ಇಳಿದರು.

ನೀಲಾಂಬಿಕೆ ಹಸುಗೂಸನ್ನು ತಾಯಿಯ ಕೈಗೆ ಕೊಟ್ಟು ದವಾಖಾನೆಗೆ ಓಡಿದಳು. ಕಫದ ಡಬ್ಬಿ ತಂದಳು. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಹೆಸರು ಬರೆಯಬೇಕು. ಕಣ್ಣು ತುಂಬಿ ಅಕ್ಷರ ಕಾಣುತ್ತಿರಲಿಲ್ಲ. ರೂಢಿಯಂತೆ 'ಅಜ್ಜಾರು' ಎಂದು ಬರೆಯತೊಡಗಿದಳು.

ಅವರು ಬಗ್ಗಿ ನೋಡಿ, ಅವಳ ಪೆನ್ನು ಹಿಡಿದು ನಿಲ್ಲಿಸಿದರು.

"ಹಂಗ ಬರದ್ರ ಆಸ್ಪತ್ರ್ಯಾಗ ಮಂದಿ ಪರೀಕ್ಷಾ ಮಾಡದ ಕೈ ಮುಗದು ಇಟ್ಟುಬಿಡತಾರ. ಮುರಿಗೆಯ್ಯ ಅಂತ ಬರಿ. ಮುದುಕ ಅದಾನ, ಸಕ್ಕರಿ ಬ್ಯಾನಿ ಐತಿ, ಕೆಮ್ಮತಾನ ಅಂತ ಬರಿ."