ಹೊಳೆಯ ಬಣ್ಣ

ಬ್ರೌಸರಿನೊಳಗೆ ಚಿತ್ರ ಬರೆಯುವ ಒಂದು ಎಂಜಿನ್ ಇತ್ತು. ಅದರ ಮಾತನ್ನು ಪರದೆಗೆ ಮುಟ್ಟಿಸಲು ಒಬ್ಬ ಮುದಿ ದುಭಾಷಿ ಇದ್ದ. ಅವನ ಕೆಲಸ ನಿಧಾನವೆಂದು ಎಂಜಿನ್ ಚುರುಕಾದ ಹೊಸ ದುಭಾಷಿಯೊಬ್ಬನನ್ನು ಕರೆಸಿ, ಕಷ್ಟಪಟ್ಟು ಅವನ ಭಾಷೆ ಕಲಿತು, ಮುದುಕನನ್ನು ಕಳಿಸಿಕೊಟ್ಟಿತು.

"ನನ್ನಿಂದ ಕೇಳಿ ತಿಳಿಯುವುದೇನಾದರೂ ಉಳಿದಿದೆಯೇ?" ಎಂದು ಹೊರಡುವಾಗ ಕೇಳಿದ ಮುದುಕ.

"ಏನೂ ಇಲ್ಲ," ಎಂದಿತು ಎಂಜಿನ್.

ಮರುದಿನ ಎಂದಿನ ಚಿತ್ರ ಕ್ಷಣದಲ್ಲಿ ಮೂಡಿತು. ಬೆಟ್ಟ, ಮರ, ದೋಣಿ ಎಲ್ಲವೂ ಸರಿಯಾಗಿದ್ದವು. ಹೊಳೆ ಮಾತ್ರ ಕಪ್ಪಗಿತ್ತು.

"ಹೊಳೆಗೇಕೆ ಬಣ್ಣ ಹಾಕಲಿಲ್ಲ?" ಎಂದು ಎಂಜಿನ್ ಗದರಿತು.

"ನೀವು ಹೇಳಲಿಲ್ಲ. ಹೇಳದ್ದನ್ನು ನಾನು ಮಾಡುವುದಿಲ್ಲ," ಎಂದ ಹೊಸಬ.

ಎಂಜಿನ್ ತನ್ನ ಹಳೆಯ ಆದೇಶಗಳನ್ನೆಲ್ಲ ತೆಗೆದು ಓದಿತು. ಹೊಳೆಯ ಬಣ್ಣ ಅವುಗಳಲ್ಲಿ ಎಲ್ಲೂ ಇರಲಿಲ್ಲ. ಇಷ್ಟು ವರ್ಷವೂ ಮುದುಕ ತನ್ನ ನೆನಪಿನಿಂದಲೇ ಅದನ್ನು ತುಂಬುತ್ತಿದ್ದ.

"ಅವನನ್ನು ಕರೆ!"

"ಅವನನ್ನು ಬ್ರೌಸರ್ ನಿನ್ನೆಯೇ ಅಳಿಸಿಹಾಕಿತು. ಅವನಿನ್ನು ಇಲ್ಲ."

ಎಂಜಿನ್ ಒಂದು ನೀಲಿ ಹೇಳಿತು. ಹೊಸಬ ಅದನ್ನೇ ಹಚ್ಚಿದ. ಇನ್ನೊಂದು ಹೇಳಿತು. ಅದನ್ನೂ ಹಚ್ಚಿ, "ಇದೇ ಅಲ್ಲವೇ?" ಎಂದು ವಿನಯದಿಂದ ಕೇಳಿದ.

"ಗೊತ್ತಿಲ್ಲ," ಎಂದಿತು ಎಂಜಿನ್. "ನಾನು ಅದನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ."