ಬಂಡೆಯಿಂದ ಇಳಿಯದ ಆಮೆ

ಮಕ್ಕಳೇ, ಕಾಡಂಚಿನ ಒಂದು ಕೆರೆಯಲ್ಲಿ ಗಂಭೀರಪ್ಪ ಎಂಬ ಮುದಿ ಆಮೆ ಇದ್ದ. ಹೆಸರಿಗೆ ತಕ್ಕ ಮುಖ ಅವನದು. ಕೆರೆಯ ನಡುವಿನ ಬಂಡೆಯ ಮೇಲೆ ಕತ್ತು ಚಾಚಿ ಕುಳಿತು ಯೋಚಿಸುವುದೇ ಅವನ ಕೆಲಸ. ಸತ್ಯ ಎಂದರೇನು, ನ್ಯಾಯ ಎಂದರೇನು ಎಂದು ಅವನು ಸಂಜೆ ಹೊತ್ತು ಮಾತಾಡಿದರೆ ಮೀನು, ಏಡಿ, ಕಪ್ಪೆಗಳೆಲ್ಲ ಸುತ್ತ ಸೇರಿ ಕೇಳುತ್ತಿದ್ದವು. ಜಗಳ ಬಂದರೆ ಗಂಭೀರಪ್ಪನದೇ ಕೊನೆಯ ಮಾತು. ಅದು ಆ ಕೆರೆಯ ಪದ್ಧತಿ.

ಒಂದು ವರ್ಷ ಮಳೆ ಅರ್ಧಕ್ಕೇ ಕೈಕೊಟ್ಟಿತು. ಅದೇ ಹೊತ್ತಿಗೆ ಏಡಿಗಳು ಏರಿಯಲ್ಲಿ ಹೊಸ ಬಿಲ ತೋಡಿದವು. ನೀರು ಸೋರಿ ಅಂಚಿನಿಂದ ಹಿಂದೆ ಸರಿಯತೊಡಗಿತು. ಆ ಅಂಚಿನಲ್ಲೇ ತುಂಗಕ್ಕ ಎಂಬ ಕಪ್ಪೆಯ ಮರಿಗಳಿದ್ದವು. ಇನ್ನೂ ಕಾಲು ಮೂಡದ ಗೊದಮೊಟ್ಟೆಗಳು, ಪಾಪ. ನಡುನೀರಿಗೆ ಹೋದರೆ ದೊಡ್ಡ ಮೀನುಗಳ ಬಾಯಿಗೆ ತುತ್ತು, ಅಂಚು ಒಣಗಿದರೂ ಸಾವು.

ತುಂಗಕ್ಕ ಏಡಿಗಳನ್ನು ಬೇಡಿಕೊಂಡಳು. ಏರಿ ನಮ್ಮ ಮುತ್ತಾತನ ಕಾಲದಿಂದ ನಮ್ಮದು ಎಂದವು ಅವು. ಅವಳು ಬಂಡೆಯ ಬಳಿ ಬಂದಳು.

"ಅಜ್ಜಾ, ನೀವು ಹೇಳಿದರೆ ಅವು ಕೇಳ್ತಾವೆ. ನನ್ನ ಮಕ್ಕಳಿಗೆ ಕಾಲು ಮೂಡೋವರೆಗೆ ಬಿಲ ಮುಚ್ಚಿದರೆ ಸಾಕು. ಒಂದು ಸಲ ಏರಿ ಹತ್ತಿರ ಬಂದು ನೋಡಿ."

"ಅವಸರ ಬೇಡ ತಾಯಿ," ಎಂದ ಗಂಭೀರಪ್ಪ. "'ನನ್ನದು' ಅಂದರೆ ಏನು ಅನ್ನೋದೇ ಇನ್ನೂ ತೀರ್ಮಾನ ಆಗಿಲ್ಲ. ಅದು ತಿಳಿಯದೆ ಮಾತಾಡಿದರೆ ತಪ್ಪಾಗುತ್ತೆ."

ಅವನು ಕೆಟ್ಟವನಲ್ಲ. ತಪ್ಪು ಹೇಳಿಬಿಟ್ಟರೆ ಎಂಬ ಅಂಜಿಕೆ ನಿಜಕ್ಕೂ ಇತ್ತು. ಆದರೆ ಬಿಲ, ಕೆಸರು, ಸೋರಿಕೆ ಎಲ್ಲ ಅವನಿಗೆ ಚಿಲ್ಲರೆ ವಿಷಯವೆನಿಸಿತ್ತು. ಪ್ರಶ್ನೆ ಮಾತ್ರ ಬಲು ರುಚಿಯಾಗಿತ್ತು. ಸಂಜೆ ಸಂಜೆಯೂ ಅದನ್ನೇ ಮೆಲುಕು ಹಾಕಿದ. ತುಂಗಕ್ಕ ಮತ್ತೆ ಮತ್ತೆ ಬಂದಳು, ಆಮೇಲೆ ಬರುವುದನ್ನೇ ಬಿಟ್ಟಳು. ಅವನು ಅದನ್ನು ಗಮನಿಸಲಿಲ್ಲ.

ಕೊನೆಗೊಂದು ಬೆಳಿಗ್ಗೆ ಉತ್ತರ ಹೊಳೆಯಿತು. ಗಂಭೀರಪ್ಪ ಖುಷಿಯಿಂದ ಬಂಡೆಯಿಳಿದು ಏರಿಯತ್ತ ಹೊರಟ.

ಅಂಚಿನ ಕೆಸರು ಬಿರುಕು ಬಿಟ್ಟಿತ್ತು. ಮರಿಗಳು ಅದಕ್ಕೇ ಅಂಟಿಕೊಂಡು ಒಣಗಿದ್ದವು. ಪಕ್ಕದಲ್ಲಿ ತುಂಗಕ್ಕ ಕುಳಿತಿದ್ದಳು. ಬೇರೇನೂ ತೋಚದೆ ಅವನು ತಂದದ್ದನ್ನೇ ಹೇಳಿದ: "ನೀರು ಯಾರ ಸ್ವತ್ತೂ ಅಲ್ಲ. ಅದಿಲ್ಲದೆ ಯಾರು ಬದುಕಲಾರರೋ ಅವರಿಗೆ ಮೊದಲು."

ಬಿಲದಿಂದ ಹೊರಬಂದ ಹಿರಿಯ ಏಡಿ ತಲೆ ತಗ್ಗಿಸಿತು. "ಇದನ್ನು ಆವತ್ತೇ ಹೇಳಿದ್ದರೆ ಆವತ್ತೇ ಮುಚ್ಚುತ್ತಿದ್ದೆವು ಅಜ್ಜ. ನೀವು ಸುಮ್ಮನಿದ್ದಿರಿ. ನಮ್ಮದೇನೂ ತಪ್ಪಿಲ್ಲ ಅಂದುಕೊಂಡೆವು."

"ಮಾತು ಸರಿಯಾಗಿದೆ ಅಜ್ಜ," ಎಂದಳು ತುಂಗಕ್ಕ. ಅಷ್ಟು ಹೇಳಿ ಆ ಕೆರೆಯನ್ನೇ ಬಿಟ್ಟು ಹೋದಳು.

ಮರುವರ್ಷ ಮಳೆ ಬಂದು ಕೆರೆ ತುಂಬಿತು. ಗಂಭೀರಪ್ಪ ಈಗಲೂ ಯೋಚಿಸುತ್ತಾನೆ, ಆದರೆ ಏರಿಯ ಬುಡದ ಕೆಸರಿನಲ್ಲಿ ಕುಳಿತು. ಯಾರಾದರೂ ಕಷ್ಟ ಹೇಳಿಕೊಂಡು ಬಂದರೆ ಮೊದಲು ಅವರ ಜೊತೆ ಹೋಗಿ ನೋಡುತ್ತಾನೆ. ಸಂಜೆ ಎಳೆಯ ಕಪ್ಪೆಗಳು ವಟಗುಟ್ಟುವಾಗ ಮಾತ್ರ ಕತ್ತನ್ನು ಚಿಪ್ಪಿನೊಳಕ್ಕೆ ಎಳೆದುಕೊಳ್ಳುತ್ತಾನೆ. ಆ ದನಿಗಳಲ್ಲಿ ತುಂಗಕ್ಕನ ಮಕ್ಕಳದು ಇಲ್ಲ.

ನೀತಿ: ಎಷ್ಟೇ ಒಳ್ಳೆಯ ವಿಚಾರವಾದರೂ ಕಷ್ಟದಲ್ಲಿರುವವರ ಬಳಿಗೆ ಹೊತ್ತಿಗೆ ಸರಿಯಾಗಿ ತಲುಪಬೇಕು; ತಿಳಿದವರು ಸುಮ್ಮನಿದ್ದರೆ ಅದೂ ಒಂದು ತೀರ್ಪೇ ಆಗುತ್ತದೆ.