ಗುಟುರಪ್ಪನ ಬೋಳು ಬಯಲು

ಮಕ್ಕಳೇ, ಮೈ ದೊಡ್ಡದಾದರೆ ಬುದ್ಧಿಯೂ ದೊಡ್ಡದಿರಬೇಕೆಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಕರಿಗುಡ್ಡದ ಬುಡದ ಕುರುಚಲು ಕಾಡಿನಲ್ಲಿದ್ದ ಗುಟುರಪ್ಪನೆಂಬ ಕಾಡುಹಂದಿಯನ್ನು ನೋಡಿದ್ದರೆ ನಿಮಗೂ ಇದು ತಿಳಿಯುತ್ತಿತ್ತು.

ಮೂತಿಯಿಂದ ನೆಲ ಕೆದಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನಿಗೆ ಬರುತ್ತಿದ್ದದ್ದೂ ಅದೊಂದೇ. ಇಂಥವನಿಗೆ ದರ್ಬಾರು ನಡೆಸುವ ಹುಚ್ಚು ಹತ್ತಿತು. ತಾನು ಕೂತರೆ ನಾಲ್ಕು ದಿಕ್ಕಿಗೂ ಕಾಣಬೇಕು, ಅದಕ್ಕೆ ಪೊದೆಗಳೆಲ್ಲ ಹೋಗಬೇಕು ಎಂದ. ನರಿ ಭೇಷ್ ಎಂದಿತು. ಮೊಲಗಳು ತಲೆಯಾಡಿಸಿದವು. ಅವುಗಳಿಗೆ ತಲೆಯಿದ್ದದ್ದೇ ಆಡಿಸುವುದಕ್ಕೆ.

ಕಾರೆ, ಬೋರೆ, ತಂಗಡಿ ಪೊದೆಗಳೆಲ್ಲ ಅವನ ಮೂತಿಗೆ ಸಿಕ್ಕಿ ಬೇರುಸಮೇತ ಮೇಲೆದ್ದವು. ಉಳಿದದ್ದು ಒಂದೇ ಮುಳ್ಳುಪೊದೆ. ಅದರಡಿ ಗೌಜಕ್ಕನೆಂಬ ಗೌಜಲಹಕ್ಕಿ ಮೊಟ್ಟೆಗಳಿಗೆ ಕಾವು ಕೊಡುತ್ತ ಕೂತಿದ್ದಳು. ಮರಿಯಾಗುವ ತನಕ ಏಳುವುದಿಲ್ಲವೆಂದಳು.

"ಯಜಮಾನ್ರೇ, ಬೇಸಿಗೆಯ ಸುಂಟರಗಾಳಿ ಈ ಪೊದೆಗಳಿಗೆ ಎಡವಿ ಎಡವಿಯೇ ನೆಲದ ಹತ್ತಿರ ಸುಸ್ತಾಗೋದು. ಬೋಳು ನೆಲದ ಮೇಲೆ ಅದನ್ನ ತಡೆಯೋರು ಯಾರು?"

"ಬೆನ್ನಿಗೆ ಅಷ್ಟು ದೊಡ್ಡ ಗುಡ್ಡ ಇದೆ, ಅದೇ ತಡೆಯುತ್ತೆ. ಅದನ್ನೂ ದಾಟೋ ಗಾಳಿ ನಿನ್ನ ಮುಳ್ಳಿಗೆ ಹೆದರುತ್ತಾ?" ಎಂದ ಗುಟುರಪ್ಪ. ನರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಷ್ಟರಲ್ಲಿ ಮಹಾರಾಜರಿಗೆ ನಿದ್ದೆ ಬಂತು. ಹಾಗಾಗಿ ಆ ಪೊದೆ ಉಳಿಯಿತು.

ದರ್ಬಾರಿನ ದಿನ ಗುಟುರಪ್ಪ ಬಯಲಿನ ನಡುವೆ ಎದೆಯುಬ್ಬಿಸಿ ನಿಂತ. ಪಡುವಣದಲ್ಲಿ ಮೋಡ ಕಪ್ಪಾಯಿತು. ಸುಂಟರಗಾಳಿ ಗುಡ್ಡ ಹತ್ತಿತು, ಇಳಿಜಾರಿನಲ್ಲಿ ಇನ್ನಷ್ಟು ರಭಸದಿಂದ ಇಳಿಯಿತು. ಕೆಳಗೆ ಅದರ ಕಾಲಿಗೆ ಅಡ್ಡವಾಗಲು ಒಂದು ಕಡ್ಡಿಯೂ ಇರಲಿಲ್ಲ. ಗುಟುರಪ್ಪ ಕೆದಕಿ ಸಡಿಲ ಮಾಡಿದ್ದ ಮಣ್ಣು, ಕಲ್ಲುಗಳನ್ನೆಲ್ಲ ಎತ್ತಿಕೊಂಡು ಅವನ ಮೇಲೆಯೇ ಬಂತು.

ಮೊದಲು ಓಡಿದ್ದು ಭೇಷ್ ಎಂದ ನರಿ. ಮೊಲಗಳು ಹಿಂದೆಯೇ ಹೋಗಿ ಮುಳ್ಳುಪೊದೆಯೊಳಗೆ ತೂರಿಕೊಂಡವು. ಗೌಜಕ್ಕ ರೆಕ್ಕೆ ಹರಡಿ ಮೊಟ್ಟೆಗಳನ್ನು ಅವುಚಿಕೊಂಡಿದ್ದಳು. ಪೊದೆ ಬಾಗಿತು, ನರಳಿತು, ಆದರೆ ಬೇರು ಕಿತ್ತುಬರಲಿಲ್ಲ. ಕೊನೆಗೆ ಬಂದ ಗುಟುರಪ್ಪನ ತಲೆಯಷ್ಟೇ ಒಳಗೆ ಹಿಡಿಯಿತು. ಹೊರಗುಳಿದ ರಾಜಮೈಗೆ ಕಲ್ಲಿನೇಟು ಬೀಳುತ್ತಲೇ ಇತ್ತು.

"ಅಮ್ಮಾ ಗೌಜಕ್ಕ, ಇನ್ನೊಂಚೂರು ಜಾಗ ಇಲ್ವೇನಮ್ಮಾ?" ಎಂದು ಅವನು ಗೋಗರೆದ.

ಗೌಜಕ್ಕ ಮೊಟ್ಟೆಗಳ ಮೇಲಿಂದ ಅಲುಗಾಡದೆ ಹೇಳಿದಳು: "ಬೇಕಾದಷ್ಟಿತ್ತು ಯಜಮಾನ್ರೇ. ನೀವೇ ಕಿತ್ತುಹಾಕಿದ್ರಿ."

ನೀತಿ: ಕಾಯುವ ಪೊದೆಯನ್ನು ಕಸವೆಂದು ಕಿತ್ತವನು ಗಾಳಿ ಬಂದ ದಿನ ಮುಳ್ಳಿನ ಕಾಲಿಗೂ ಬೀಳಬೇಕಾಗುತ್ತದೆ.